ಬಣ್ಣದ ಕೆಳಗಿನ ಬೆಸುಗೆ

ಗಾಡಿ ನೋಡಲು ಬರುವ ದಿನ ಇಂಜಿನ್ ಚಾಲೂ ಮಾಡಬೇಡಿ ಎಂದು ಮುಂಚೆಯೇ ಹೇಳಿ ಕಳುಹಿಸಿದ್ದೆ. ಆದರೂ ಸದಾಶಿವ ಪೇಟೆಯ ಆ ವಾಡೆಯ ಅಂಗಳದಲ್ಲಿ ನಿಂತಿದ್ದ ಕೆನೆಬಣ್ಣದ ಅಂಬಾಸಿಡರ್ ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟರೆ ಬೆಚ್ಚಗಿತ್ತು. ಗಾಡಿಯ ಮಾಲೀಕರು ಔಷಧಿ ಅಂಗಡಿ ಇಟ್ಟುಕೊಂಡವರು. ಸಂಕೋಚದಿಂದ ನಕ್ಕರು. ಗಿರಾಕಿ ಎದುರಿಗೆ ಒಂದೇ ಸಲಕ್ಕೆ ಚಾಲೂ ಆಗಲೆಂದು ಬೆಳಿಗ್ಗೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿದ್ದರಂತೆ.

ನಾನು ಪಾನಾ, ಸ್ಕ್ರೂಡ್ರೈವರುಗಳ ಚೀಲವನ್ನು ಮತ್ತೆ ಹೆಗಲಿಗೇರಿಸಿ, ನಾಳೆ ಬರುತ್ತೇನೆ ಎಂದು ಮರಾಠಿಯಲ್ಲಿ ಹೇಳಿದೆ.

ಗಾಡಿ ಕೊಳ್ಳಲು ನನ್ನನ್ನು ಕರೆತಂದಿದ್ದ ಗಿರಾಕಿಗೆ, ನಾನು ಅಕ್ಕಾ ಎಂದು ಕರೆಯುತ್ತಿದ್ದವರಿಗೆ, ಸಿಟ್ಟು ಬಂತು. "ಅಲ್ರಿ ಮಿಸ್ತ್ರಿ, ನಿಗಡಿಯಿಂದ ಎರಡು ಬಸ್ ಬದಲ್ ಮಾಡಿ ಬಂದೀವಿ. ಬಿಸಿ ಇದ್ರ ಏನಾತು?"

"ಬಿಸಿ ಇಂಜಿನ್ ತನ್ನ ರೋಗ ಮುಚ್ಚಿಡ್ತದ್ರಿ ಅಕ್ಕಾ. ರಾತ್ರಿಯೆಲ್ಲಾ ತಣ್ಣಗ ನಿಂತದ್ದು ಮುಂಜಾನೆ ಹೆಂಗ ಏಳ್ತದ, ನನಗ ಅದು ನೋಡಬೇಕು."

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಆಕುರ್ಡಿಯ ಹಿಂಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಗಾಡಿಗಳ ನೆಗ್ಗಿದ ತಗಡು ಸರಿಮಾಡುವ ಪತ್ರೆ ಕೆಲಸ, ಬೆಸುಗೆ ಮಾಡುತ್ತಿದ್ದೆ. ಹಳೆ ಗಾಡಿ ಕೊಳ್ಳುವ ಮುಂಚೆ ತೋರಿಸಲು ನಾಲ್ಕಾರು ಜನ ಕರೆಯತೊಡಗಿದ್ದರು. ಅಕ್ಕ ಬೆಳಗಾವಿ ಕಡೆಯವರು. ನಿಗಡಿಯ ತಮ್ಮ ಮನೆಯಲ್ಲಿ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಮೂರು ಸಣ್ಣ ಕಾರ್ಖಾನೆಗಳಿಗೆ ಮಧ್ಯಾಹ್ನದ ಊಟ ಕಳುಹಿಸುತ್ತಿದ್ದರು. ರೊಟ್ಟಿ, ಪಲ್ಯ, ಅನ್ನ, ಸಾರು, ಎಲ್ಲ ಸೇರಿ ತೊಂಬತ್ತು ಜನರ ಊಟ. ಬಾಡಿಗೆ ಟೆಂಪೋದವನು ಎರಡು ಸಲ ತಡಮಾಡಿದ್ದ. ಮೂರನೆಯ ಸಲ ಆದರೆ ಬೇರೆಯವರಿಗೆ ಕೊಡುತ್ತೇನೆ ಎಂದು ದೊಡ್ಡ ಕಾರ್ಖಾನೆಯ ಮ್ಯಾನೇಜರು ಖಡಾಖಂಡಿತವಾಗಿ ಹೇಳಿದ್ದರು. ಅಕ್ಕ ಅಷ್ಟಕ್ಕೇ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ಪಡೆದಿದ್ದರು. ದೊಡ್ಡ ಡಿಕ್ಕಿಯ ಗಾಡಿ, ಅದೂ ತಿಂಗಳ ಕೊನೆಯೊಳಗೆ ಬೇಕು. ಹೊಸದಕ್ಕೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಾಗಿದ್ದ ದಿನಗಳು. ಈ ಔಷಧಿ ಅಂಗಡಿಯ ಮಾಲೀಕರು ಹಾಗೆ ಕಾದವರೇ. ಅವರ ಸರದಿ ಬಂದಿತ್ತು, ಅದಕ್ಕೇ ಹಳೆಯದನ್ನು ಮಾರಲು ಹೊರಟಿದ್ದರು.

ಮರುದಿನ ಏಳು ಗಂಟೆಗೆ ಹೋದೆವು. ಬಾನೆಟ್ ತಣ್ಣಗಿತ್ತು. ಮೂರನೆಯ ಪ್ರಯತ್ನಕ್ಕೆ ಇಂಜಿನ್ ಎದ್ದಿತು. ಸೈಲೆನ್ಸರಿನಿಂದ ಮೊದಲು ಒಂದಿಷ್ಟು ನೀಲಿ ಹೊಗೆ ಬಂದು ನಿಂತಿತು. ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದೇ ಸಿಲಿಂಡರಿಗೆ ಒತ್ತಡ ಅಳೆಯುವ ಮೀಟರ್ ಹಿಡಿದೆ. ನಾಲ್ಕರಲ್ಲಿ ಮೂರು ಸಿಲಿಂಡರು ಹೆಚ್ಚು ಕಡಿಮೆ ಒಂದೇ ಸಮ, ಮೂರನೇ ನಂಬರಿನದು ಮಾತ್ರ ಕೆಳಗೆ. ಅದರೊಳಗೆ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆದೆ. ಮುಳ್ಳು ಏರಲಿಲ್ಲ.

"ಛಲೋ ಆತು," ಎಂದೆ.

"ಏರಲಿಲ್ಲಂದ್ರ ಛಲೋ ಹೆಂಗ್ರಿ?" ಅಕ್ಕ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಿದ್ದರು.

"ಎಣ್ಣಿ ಹಾಕಿದ ಮ್ಯಾಲೆ ಏರಿದ್ರ ಪಿಸ್ಟನ್ನಿನ ರಿಂಗ್ ಸವದಾವ ಅಂತ ಅರ್ಥ. ಇಂಜಿನ್ ಪೂರಾ ಬಿಚ್ಚಬೇಕಾಗ್ತದ. ಏರಲಿಲ್ಲ ಅಂದ್ರ ವಾಲ್ವ್ ಸರಿಯಾಗಿ ಕೂಡವಲ್ದು. ಮ್ಯಾಲಿನ ಹೆಡ್ ಅಷ್ಟ ಇಳಿಸಿದ್ರ ಆತು."

ಅಕ್ಕ ಕೈಯಲ್ಲಿದ್ದ ಸಣ್ಣ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಮುಂದೆ ಪ್ರತಿಯೊಂದಕ್ಕೂ ಹೀಗೇ ಕೇಳಿದರು, ಬರೆದರು. ಎರಡನೇ ಗೇರು ತಾನೇ ಜಿಗಿದು ಹೊರಬೀಳುತ್ತಿತ್ತು. ಮುಂದಿನ ಚಕ್ರಗಳನ್ನು ಜಾಕಿಯಲ್ಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಸಂದು ಸಡಿಲವಾಗಿತ್ತು. ಡಿಕ್ಕಿಯ ರಬ್ಬರ್ ಹಾಸು ಎತ್ತಿದರೆ ಸ್ಟೆಪ್ನಿಯ ಕೆಳಗೆ ಹಸ್ತದಗಲ ತುಕ್ಕು. ಮೀಟರಿನಲ್ಲಿ ಓಡಿದ ದೂರ ಕಡಿಮೆ ಇತ್ತು. ಆದರೆ ಕ್ಲಚ್ ಪೆಡಲಿನ ರಬ್ಬರು ನುಣ್ಣಗಾಗಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಮೀಟರು ಒಂದು ಸುತ್ತು ತಿರುಗಿ ಮತ್ತೆ ಸೊನ್ನೆಯಿಂದ ಹೊರಟಿದೆ ಎಂದೆ. ಮಾಲೀಕರು ಅಲ್ಲಗಳೆಯಲಿಲ್ಲ. ಐದು ವರ್ಷದ ಹಿಂದೆ ತಾವು ಕೊಂಡಾಗಲೇ ಗಾಡಿ ಸಾಕಷ್ಟು ಓಡಿತ್ತು ಎಂದರು. ಅವರು ಹೇಳಿದ್ದ ಬೆಲೆ ಹತ್ತೊಂಬತ್ತು ಸಾವಿರ. ನನ್ನ ಮನಸ್ಸಿನಲ್ಲಿ ಅದು ಹದಿನೇಳೂವರೆಗೆ ಇಳಿದಿತ್ತು. ಹತ್ತು ವರ್ಷದ ಗಾಡಿಗೆ ಇವೆಲ್ಲ ವಯಸ್ಸಿನ ನೋವುಗಳು, ಹೆದರುವಂಥದ್ದೇನಿರಲಿಲ್ಲ.

ಹೊರಡುವ ಮುಂಚೆ ಎಡಗಡೆಯ ಮುಂದಿನ ಟೈರಿನ ಮೇಲೆ ಕೈಯಾಡಿಸಿದೆ. ಒಳಅಂಚು ಹೊರಅಂಚಿಗಿಂತ ಬಹಳ ಸವೆದಿತ್ತು. ಬಲಗಡೆಯದು ಹಾಗಿರಲಿಲ್ಲ.

ಆಗ ಚೀಲದಿಂದ ದಾರದ ಗುಂಡು ತೆಗೆದೆ. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಗೌಂಡಿಗಳು ಇಳಿಬಿಡುವ ಗುಂಡು ಅದು. ಗಾಡಿಯ ಕೆಳಗೆ ಎಡ ಬಲ ಒಂದೇ ಥರ ಇರುವ ನಾಲ್ಕು ಜಾಗಗಳಿಂದ ಗುಂಡು ಇಳಿಬಿಟ್ಟು, ಅಂಗಳದ ಕಲ್ಲಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಗಾಡಿಯನ್ನು ಹಿಂದಕ್ಕೆ ತಳ್ಳಿಸಿ, ಗುರುತಿನಿಂದ ಗುರುತಿಗೆ ಅಡ್ಡಡ್ಡ ಟೇಪು ಹಿಡಿದೆ. ಎರಡೂ ಓರೆ ಅಳತೆ ಒಂದೇ ಬರಬೇಕು. ಅರ್ಧ ಬೆರಳಿನಷ್ಟು ವ್ಯತ್ಯಾಸ ಬಂತು. ಮತ್ತೆ ಅಳೆದೆ. ಅಷ್ಟೇ.

"ಗಾಡಿ ಎಲ್ಲಾದರೂ ಗುದ್ದಿತ್ತೇ?" ಎಂದು ಮಾಲೀಕರನ್ನು ಕೇಳಿದೆ.

"ನನ್ನ ಕೈಯಲ್ಲಿ ಒಂದು ಗೀರೂ ಬಿದ್ದಿಲ್ಲ," ಎಂದರು. ಅವರ ಮುಖ ನೋಡಿದರೆ ಸುಳ್ಳು ಅನ್ನಿಸಲಿಲ್ಲ.

ಬೆನ್ನ ಮೇಲೆ ಮಲಗಿ ಗಾಡಿಯ ಕೆಳಗೆ ಸರಿದೆ. ಈ ಗಾಡಿಗೆ ಬೇರೆ ಚಾಸಿಸ್ ಇರುವುದಿಲ್ಲ. ಇಂಜಿನ್ನನ್ನೂ ಮುಂದಿನ ಚಕ್ರಗಳನ್ನೂ ಹೊರುವುದು ಬಾಡಿಯಿಂದ ಮುಂದಕ್ಕೆ ಚಾಚಿದ, ತಗಡನ್ನು ಪೆಟ್ಟಿಗೆಯಂತೆ ಮಡಿಚಿ ಮಾಡಿದ ಎರಡು ತೊಲೆಗಳು. ತುಕ್ಕು ಹಿಡಿಯದಂತೆ ಎಡ ತೊಲೆಯ ಮೇಲೆ ಬಳಿದಿದ್ದ ಡಾಂಬರನ್ನು ಸ್ಕ್ರೂಡ್ರೈವರಿನಿಂದ ಕೆರೆದೆ. ಕೆಳಗೆ ಬೆಸುಗೆಯ ಗೆರೆ ಕಂಡಿತು. ಟಾರ್ಚು ಹತ್ತಿರ ಹಿಡಿದೆ.

ಬೆಸುಗೆ ಹಾಕುವಾಗ ಕರಗಿದ ಕಬ್ಬಿಣ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂರುತ್ತದೆ. ಹುರುಪೆ ಯಾವ ಕಡೆಗೆ ಬಾಗಿದೆ ಎಂಬುದರಿಂದ ಕೈ ಯಾವ ಕಡೆಗೆ ಸರಿದಿದೆ ಎಂದು ತಿಳಿಯುತ್ತದೆ. ಇಲ್ಲಿ ಅದು ಎಲ್ಲರ ಬೆಸುಗೆಗೂ ತಿರುವುಮುರುವಾಗಿತ್ತು. ನಾನು ಎಡಗೈಯವನು. ಇನ್ನಷ್ಟು ಕೆರೆದೆ. ಜೋಡಿಸಿದ ತುಂಡಿನ ಅಂಚಿನಲ್ಲಿ ಹಳೆಯ ನೀಲಿ ಬಣ್ಣ. ಆ ತುಂಡನ್ನು ಗುಜರಿಯಲ್ಲಿ ಬಿದ್ದಿದ್ದ ಒಂದು ನೀಲಿ ಗಾಡಿಯಿಂದ ಕತ್ತರಿಸಿ, ಸೈಕಲ್ಲಿಗೆ ಕಟ್ಟಿಕೊಂಡು ತಂದವನು ನಾನೇ.

ಎಷ್ಟು ಹೊತ್ತು ಹಾಗೇ ಮಲಗಿದ್ದೆನೋ. ಅಕ್ಕ ಬಗ್ಗಿ ನೋಡಿ, "ಯಾಕ್ರಿ ಮಿಸ್ತ್ರಿ, ಏನಾತು?" ಎಂದರು.

"ಇನ್ನೊಂದು ನೋಡೋದು ಅದ್ರಿ. ಎರಡು ದಿನ ಬೇಕು," ಎಂದಷ್ಟೇ ಹೇಳಿದೆ.

ಆರು ವರ್ಷದ ಹಿಂದಿನ ಮಾತು. ಆಗ ನನಗೆ ಇಪ್ಪತ್ತು. ಈ ಗಾಡಿಯ ಮೊದಲ ಮಾಲೀಕ ಬಾರಾಮತಿ ರಸ್ತೆಯಲ್ಲಿ ಕಬ್ಬು ಹೇರಿದ ಗಾಡಿಯ ಹಿಂಬದಿಗೆ ಗುದ್ದಿ, ಇದನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದ. ನಾನು ಕೆಲಸ ಕಲಿಯುತ್ತಿದ್ದ ಗ್ಯಾರೇಜಿನ ಉಸ್ತಾದರು ನನ್ನ ಕೈಗೆ ಕೊಟ್ಟ ಮೊದಲ ದೊಡ್ಡ ಬೆಸುಗೆ ಅದು. ಎರಡು ದಿನ ಹೆಮ್ಮೆಯಿಂದ ಮಾಡಿದ್ದೆ. ಅಂಥ ಜೋಡಣೆಗೆ ಒಳಗಡೆಯಿಂದ ಒಂದು ದಪ್ಪ ಪಟ್ಟಿ ಹಾಕಿ ಬಲ ಕೊಡಬೇಕು. ಆ ಪಟ್ಟಿ ಹಾಕಿದ್ದೆವೋ ಇಲ್ಲವೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಗಾಡಿಯ ಮಾಲೀಕ ಅವಸರ ಮಾಡುತ್ತಿದ್ದದ್ದು ಮಾತ್ರ ನೆನಪಿತ್ತು. ಬಣ್ಣ ಹೊಡೆಸಿ, ಯಾರಿಗೂ ಹೇಳದೆ ಮಾರಿರಬೇಕು.

ಉಸ್ತಾದರು ಈಗ ಆ ಗ್ಯಾರೇಜು ಬಿಟ್ಟು ಕಾತ್ರಜದಲ್ಲಿ ಸಾತಾರಾ ರಸ್ತೆಯ ಪಕ್ಕ ಲಾರಿಗಳ ಬಾಡಿ ಕೆಲಸ ಮಾಡುತ್ತಿದ್ದರು. ವಿಜಾಪುರ ಕಡೆಯವರು. ಮಾರನೆಯ ದಿನವೇ ಹೋದೆ. ಚಹಾ ತರಿಸಿ ಎಲ್ಲ ಕೇಳಿಸಿಕೊಂಡರು.

"ಪಟ್ಟಿ ಹಾಕಿದ್ವೋ ಇಲ್ಲೋ ನನಗೂ ನೆನಪಿಲ್ಲ ತಮ್ಮಾ. ಆ ಮನಿಷ್ಯಾ ತಾಸಿಗೊಮ್ಮೆ ಬಂದು ನಿಲ್ತಿದ್ದ." ಚಹಾದ ಲೋಟ ಕೆಳಗಿಟ್ಟು ಮತ್ತೆ ಹೇಳಿದರು, "ಇಷ್ಟ್ಯಾಕ ತಲಿ ಕೆಡಿಸ್ಕೊಂತಿ? ಇಂಜಿನ್ ಹೋಗ್ಯದ, ಬ್ಯಾಡ್ರಿ ಅಂತ ಆ ಹೆಣ್ಮಗಳಿಗೆ ಹೇಳಿಬಿಡು. ಆಕಿ ತಗೊಳಂಗಿಲ್ಲ. ಆಕಿಗೂ ಅಪಾಯಿಲ್ಲ, ನಿನ್ನ ಹೆಸರಿಗೂ ಅಪಾಯಿಲ್ಲ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಈಗಷ್ಟೇ ಶೆಡ್ಡು ಹಾಕಿದವನು ಬದುಕಿಕೊಳ್ಳಲಿ ಎಂಬುದಷ್ಟೇ ಅವರ ಯೋಚನೆ. ಸಿಟಿ ಬಸ್ಸಿನಲ್ಲಿ ಹಿಂದಿರುಗುವಾಗ ನನಗೂ ಅದೇ ಸರಿ ಅನ್ನಿಸಿತ್ತು. ಸ್ವಾರಗೇಟಿನವರೆಗೂ ಅನ್ನಿಸುತ್ತಲೇ ಇತ್ತು. ಅಲ್ಲಿ ಬಸ್ಸು ಬದಲಿಸಲು ನಿಂತಾಗ ಕಣ್ಣೆದುರಿಗೆ ಗಾಡಿಗಳು ಹೋಗುತ್ತಿದ್ದವು. ಹೆಂಡತಿಯನ್ನು ಮುಂದೆ, ಮಕ್ಕಳನ್ನು ಹಿಂದೆ ಕೂರಿಸಿಕೊಂಡವರು, ಮೇಲೆ ಹಾಸಿಗೆ ಕಟ್ಟಿಕೊಂಡವರು. ಅಕ್ಕ ಬೇಡವೆಂದರೆ ಔಷಧಿ ಅಂಗಡಿಯವರು ಅದನ್ನು ಇನ್ನೊಬ್ಬರಿಗೆ ಮಾರುತ್ತಾರೆ. ಆ ಇನ್ನೊಬ್ಬರು ಇದೇ ರಸ್ತೆಯಲ್ಲಿ ಹೀಗೇ ಹೋಗುತ್ತಾರೆ. ತೊಲೆಯೊಳಗೆ ಏನಿದೆ ಎಂದು ಹುಡುಕಬೇಕು ಅಂತ ಗೊತ್ತಿರುವವನು, ಉಸ್ತಾದರನ್ನು ಬಿಟ್ಟರೆ, ಇಡೀ ಊರಿನಲ್ಲಿ ನಾನೊಬ್ಬನೇ. ಆಕುರ್ಡಿ ಬಸ್ಸು ಹತ್ತುವ ಹೊತ್ತಿಗೆ ಹೇಳಿಬಿಡುವುದೆಂದು ನಿರ್ಧಾರ ಮಾಡಿದ್ದೆ.

ಮರುದಿನ ವಾಡೆಯ ಅಂಗಳದಲ್ಲಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ. ಒಮ್ಮೆ ಮರಾಠಿಯಲ್ಲಿ, ಒಮ್ಮೆ ಕನ್ನಡದಲ್ಲಿ. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು.

ಮಾಲೀಕರು ಎದ್ದು ನಿಂತರು. "ಬೆಲೆ ಇಳಿಸೋಕೆ ಇದೊಂದು ಹೊಸ ದಾರಿಯೇನು? ನಾನು ಕೊಂಡಾಗ ಗಾಡಿ ಕನ್ನಡಿಯ ಹಾಗಿತ್ತು!"

"ಬೆಲೆ ಇಳಿಸಬೇಕಿದ್ದರೆ ಬೇರೆ ಯಾರದೋ ತಪ್ಪು ಅಂತ ಹೇಳುತ್ತಿದ್ದೆ ಸಾಹೇಬರೇ. ಇದು ನನ್ನದು ಅಂತ ಹೇಳುತ್ತಿದ್ದೇನೆ," ಎಂದೆ.

ಅವರು ಟಾರ್ಚು ತೆಗೆದುಕೊಂಡು, ಬಿಳಿ ಪೈಜಾಮದಲ್ಲೇ ಕಲ್ಲಿನ ಮೇಲೆ ಮಲಗಿ ಕೆಳಗೆ ನೋಡಿದರು. ನಾನು ನೀಲಿ ಅಂಚು ತೋರಿಸಿದೆ. ಎದ್ದು ಬಂದಾಗ ಸಿಟ್ಟು ಇಳಿದಿತ್ತು, ಮುಖದಲ್ಲಿ ಆಯಾಸವಿತ್ತು. ಐದು ವರ್ಷ ಮಗಳನ್ನು ಕೂರಿಸಿಕೊಂಡು ಮಹಾಬಳೇಶ್ವರಕ್ಕೆಲ್ಲ ಹೋಗಿ ಬಂದಿದ್ದೇನೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಾನು ಔಷಧಿ ಮಾರುವವನು. ತಾರೀಖು ಮುಗಿದ ಬಾಟಲಿ ಅಂತ ಗೊತ್ತಾದ ಮೇಲೆ ಅದನ್ನು ಗಿರಾಕಿಗೆ ಕೊಡೋಕಾಗೋದಿಲ್ಲ. ಒಳಗೆ ಪಟ್ಟಿ ಇದೆಯೋ ಇಲ್ಲವೋ, ತೊಲೆ ಕೊರೆದು ನೋಡು," ಎಂದರು.

ಅಕ್ಕ ನೋಟುಬುಕ್ಕು ಮುಚ್ಚಿ ಮಡಿಲಲ್ಲಿಟ್ಟುಕೊಂಡಿದ್ದರು.

ಗಾಡಿಯನ್ನು ನಾನೊಬ್ಬನೇ ಸೈಕಲ್ ವೇಗದಲ್ಲಿ ಶೆಡ್ಡಿಗೆ ತಂದೆ. ಮಾಲೀಕರೂ ಅಕ್ಕನೂ ಮಧ್ಯಾಹ್ನದ ಮೇಲೆ ಬಂದರು. ಎಡಗಡೆಯ ಚಕ್ರ, ಮಡ್‌ಗಾರ್ಡ್ ಬಿಚ್ಚಿ, ತೊಲೆಯನ್ನು ಹೊಳೆಯುವ ಹಾಗೆ ತಿಕ್ಕಿದೆ. ಬೆಸುಗೆಯ ಮೇಲೆ ಸೀಮೆಎಣ್ಣೆ ಸವರಿ ಕಾಲು ಗಂಟೆ ಬಿಟ್ಟೆ. ಬಟ್ಟೆಯಿಂದ ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದೆ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಬಂದು ಸುಣ್ಣವನ್ನು ಒದ್ದೆ ಮಾಡುತ್ತದೆ.

ಮೂವರೂ ನೋಡುತ್ತ ಕುಳಿತೆವು. ಮೊದಲು ಏನೂ ಕಾಣಲಿಲ್ಲ. ನನಗೆ ಉಸಿರು ಬಂದಂತಾಗಿತ್ತು. ಅಷ್ಟರಲ್ಲಿ ಕೆಳಗಿನ ಮೂಲೆಯಲ್ಲಿ ಕೂದಲಿನಷ್ಟು ಸಣ್ಣ ಗೆರೆಯೊಂದು ಮೂಡಿತು. ಮೂಡಿ ಒಂದಂಗುಲದವರೆಗೆ ಬೆಳೆಯಿತು.

ಅದರ ಪಕ್ಕದಲ್ಲಿ ಸಣ್ಣ ತೂತು ಕೊರೆದೆ. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಹಾಕಿ, ಒಳಅಂಚಿಗೆ ಸಿಕ್ಕಿಸಿ ದಪ್ಪ ನೋಡಿದೆ. ಒಂದೇ ಪದರ. ಪಟ್ಟಿ ಹಾಕಿರಲಿಲ್ಲ.

ತೊಂಬತ್ತು ಜನರ ಊಟ ಹೇರಿಕೊಂಡು ದಿನವೂ ಹಳ್ಳಬಿದ್ದ ರಸ್ತೆಯಲ್ಲಿ ಓಡಿದ್ದರೆ ಆ ಬಿರುಕು ಒಂದು ವರ್ಷವೂ ಸುಮ್ಮನಿರುತ್ತಿರಲಿಲ್ಲ.

ಅಕ್ಕ ಆ ಗೆರೆಯನ್ನೇ ನೋಡುತ್ತಿದ್ದರು. "ಇದು ದುರುಸ್ತ ಆಗ್ತದೇನ್ರಿ?"

"ಆಗ್ತದ್ರಿ. ಜಾಕಿ, ಸರಪಳಿ ಹಾಕಿ ತೊಲಿ ಎಳದು ಅಳತಿಗೆ ತರಬೇಕು. ಬಿರುಕು ಪೂರಾ ಕತ್ತರಿಸಿ ತಗದು, ಹೊಸಾದಾಗಿ ಬೆಸೀಬೇಕು. ಎರಡೂ ಬಾಜೂ ದಪ್ಪನ್ನ ಪಟ್ಟಿ ಕೊಡಬೇಕು. ಮಾಡಿದ ಮ್ಯಾಲೆ ಮೊದಲಿಗಿಂತ ಗಟ್ಟಿ ಇರ್ತದ."

"ಯಾರು ಮಾಡೋರು?"

"ಚಿಂಚವಾಡದಾಗ ಛಲೋ ವೆಲ್ಡರ್ ಇದ್ದಾರ್ರಿ. ಅವರ ಕಡೆ ಮಾಡಸ್ರಿ. ನನ್ನ ಮ್ಯಾಲೆ ಭರವಸ ಇಡ್ರಿ ಅಂತ ನಾ ಹೆಂಗ ಹೇಳ್ಲಿ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಮತ್ತೊಬ್ಬರ ಕಡೆ ಮಾಡಿಸಿದ್ರ ಒಳಗ ಏನು ಹಾಕಿದ್ರು, ಏನು ಬಿಟ್ರು ಅಂತ ಅವರು ನನಗ ಹೇಳ್ತಾರೇನ್ರಿ? ನೀವ ಮಾಡ್ರಿ. ಆದ್ರ ಮುಚ್ಚೋಕಿಂತ ಮೊದಲ ನನ್ನ ಕರೀರಿ. ನಾ ಕಣ್ಣಾರೆ ನೋಡಿದ ಮ್ಯಾಲೇ ಬಣ್ಣ."

ಬೆಲೆಯ ಮಾತು ಆ ಸಂಜೆಯೇ ಮುಗಿಯಿತು. ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದೆ. ವಾಲ್ವ್, ಗೇರು, ಮುಂಚಕ್ರದ ಸಂದು, ಡಿಕ್ಕಿಯ ತುಕ್ಕು. ಕೊನೆಯಲ್ಲಿ "ಎಡ ಮುಂಭಾಗ ಅಪಘಾತಕ್ಕೊಳಗಾಗಿದೆ, ಹಳೆಯ ಬೆಸುಗೆ ನನ್ನದು" ಎಂದು ಬರೆದು ಸಹಿ ಹಾಕಿದೆ. ಅಪಘಾತವಾದ ಗಾಡಿ ಎಷ್ಟೇ ಚೆನ್ನಾಗಿ ದುರಸ್ತಿಯಾದರೂ ಆಗದ ಗಾಡಿಯ ಬೆಲೆಗೆ ಹೋಗುವುದಿಲ್ಲ. ಹಾಗೆಂದು ಗುಜರಿಯ ಬೆಲೆಗೆ ಕೇಳಿದರೆ ಮಾಲೀಕರಿಗೆ ಮೋಸ. ಇಂಜಿನ್ನಿನ ಬುಡ ಗಟ್ಟಿಯಿತ್ತು, ಬಾಗಿಲುಗಳು ಒಂದೇ ಬೆರಳಿಗೆ ಮುಚ್ಚುತ್ತಿದ್ದವು, ಹಿಂಭಾಗ ಕಂಪನಿಯಿಂದ ಬಂದ ಹಾಗೇ ಇತ್ತು. ಹದಿನೈದು ಸಾವಿರ ನ್ಯಾಯದ ಬೆಲೆ, ತೊಲೆಯ ಕೆಲಸ ನನ್ನ ಖರ್ಚಿನದು ಎಂದೆ. ಮಾಲೀಕರು ಹಾಳೆಯನ್ನು ಎರಡು ಸಲ ಓದಿ, ಹದಿನೈದೂವರೆ ಎಂದರು. ಅಕ್ಕ ನನ್ನ ಮುಖ ನೋಡಿದರು. ಅದೂ ಅನ್ಯಾಯವಲ್ಲ ಎಂದೆ. ಅಕ್ಕ ಒಪ್ಪಿದರು.

ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಬ್ಯಾಟರಿ ಬಿಚ್ಚಿ, ಇಂಜಿನ್ನಿಗೆ ಮರದ ದಿಮ್ಮಿಯ ಆಸರೆ ಕೊಟ್ಟು ಕೆಲಸ ಶುರು ಮಾಡಿದೆ. ಎಳೆದ ತೊಲೆ ಮೊದಲ ಸಲ ಅಳತೆಗೆ ಬಂದು, ಸರಪಳಿ ಸಡಿಲಿಸಿದ ಕೂಡಲೇ ಹಿಂದಕ್ಕೆ ಹೋಯಿತು. ಎರಡನೆಯ ದಿನ ಬೇಕೆಂದೇ ಒಂದಿಷ್ಟು ಹೆಚ್ಚಿಗೆ ಎಳೆದು, ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಸಡಿಲಿಸಿ ಗುಂಡು ಇಳಿಬಿಟ್ಟಾಗ ಎರಡೂ ಓರೆ ಅಳತೆ ಕೂಡಿದವು. ಬೆಸುಗೆಯನ್ನು ಒಂದೇ ಉಸಿರಿಗೆ ಎಳೆಯದೆ ಅಂಗುಲ ಅಂಗುಲ ಹಾಕಿದೆ. ಒಂದು ಕಡೆ ಹಾಕಿ, ಆರಲು ಬಿಟ್ಟು, ಇನ್ನೊಂದು ಕಡೆ. ಕಾವು ಒಂದೇ ಕಡೆ ನಿಂತರೆ ತಗಡು ತಿರುಚಿಕೊಳ್ಳುತ್ತದೆ.

ಕರೆ ಕಳುಹಿಸಿದಾಗ ಅಕ್ಕ ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದರು. ಪಟ್ಟಿಯ ಮೇಲೆ ಬೆರಳಾಡಿಸಿದರು. "ಇದರ ತುದಿ ಯಾಕ್ರಿ ಚೂಪು ಮಾಡೀರಿ? ನೆಟ್ಟಗ ಕತ್ತರಿಸಿದ್ರ ಸೊಗಸು ಕಾಣ್ತಿತ್ತಲ್ಲ?"

"ನೆಟ್ಟಗ ಕತ್ತರಿಸಿದ್ರ ಬೆಸುಗಿ ತೊಲಿಗೆ ಅಡ್ಡ ಬೀಳ್ತದ್ರಿ. ಜಗ್ಗಿದಾಗ ಎಲ್ಲಾ ಭಾರ ಅದೇ ಗೆರಿ ಮ್ಯಾಲೆ. ಓರೆ ಇದ್ರ ಭಾರ ಹಂಚಿಹೋಗ್ತದ. ಅವತ್ತ ನಾ ಅಡ್ಡ ಬೆಸೆದಿದ್ದೆ."

"ಅವತ್ತ ಗೊತ್ತಿದ್ದಿಲ್ಲೇನು?"

"ಗೊತ್ತಿದ್ದಿಲ್ರಿ. ಕೇಳಬೇಕಿತ್ತು, ಕೇಳಲಿಲ್ಲ."

ಅಕ್ಕ ತಲೆಯಾಡಿಸಿ, ಬಣ್ಣ ಹಚ್ಚ್ರಿ ಎಂದು ಹೇಳಿ ಹೋದರು. ಉಳಿದ ದಿನಗಳಲ್ಲಿ ವಾಲ್ವ್, ಗೇರು, ಮುಂಚಕ್ರದ ಸಂದಿನ ಕೆಲಸವೂ ಮುಗಿಯಿತು.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಅಕ್ಕನ ಮನೆಯ ಅನ್ನದ ಡಬರಿಗಳಲ್ಲಿ ನೀರು ತುಂಬಿ ಗಾಡಿಗೆ ಹೇರಿದೆವು. ಊಟದ ತೂಕಕ್ಕಿಂತ ಹೆಚ್ಚೇ ಆಗಿತ್ತು. ಕಾತ್ರಜದ ಘಾಟು ಹತ್ತಿ ಇಳಿದು, ಬರುವಾಗ ಬೇಕೆಂದೇ ಹಾಳಾದ ರಸ್ತೆ ಹಿಡಿದೆವು. ಅರ್ಧ ದಾರಿ ಅಕ್ಕನೇ ಓಡಿಸಿದರು. ಶೆಡ್ಡಿಗೆ ಬಂದು ಬೆಸುಗೆಯ ಬಣ್ಣ ಕೆರೆದು ಮತ್ತೆ ಸೀಮೆಎಣ್ಣೆ, ಮತ್ತೆ ಸುಣ್ಣದ ಪುಡಿ. ಅರ್ಧ ಗಂಟೆ ಕಾದೆವು. ಎಲ್ಲೂ ಒದ್ದೆಯಾಗಲಿಲ್ಲ.

ಒಂದನೇ ತಾರೀಖು ಹನ್ನೊಂದೂವರೆಗೆ ಗಾಡಿ ಶೆಡ್ಡಿನ ಮುಂದೆ ಬಂದು ನಿಂತಿತು. ಹಿಂದಿನ ಸೀಟು ತೆಗೆದ ಜಾಗದಲ್ಲಿ ಡಬರಿಗಳು, ಡಿಕ್ಕಿಯಲ್ಲಿ ರೊಟ್ಟಿಯ ಬುಟ್ಟಿಗಳು. ಇಂಜಿನ್ ನಿಲ್ಲಿಸದೆಯೇ ಅಕ್ಕ ಕಿಟಕಿಯಿಂದ ಕೈ ಚಾಚಿ ಮಡಿಚಿದ ನೋಟು ಕೊಟ್ಟರು. ಗಾಡಿ ನೋಡಿದ್ದಕ್ಕೆ ನಾನು ತೆಗೆದುಕೊಳ್ಳುತ್ತಿದ್ದ ಐವತ್ತು ರೂಪಾಯಿ.

"ಬ್ಯಾಡ್ರಿ ಅಕ್ಕಾ, ಇದು ಹೆಂಗ ತಗೊಳ್ಳಿ?" ಎಂದೆ.

"ಇದು ತಪ್ಪು ಹುಡುಕಿದ್ದಕ್ಕ. ಬೆಸುಗಿಗೆ ಮಾತ್ರ ಒಂದು ಪೈಸಾನೂ ಕೊಡಂಗಿಲ್ಲ," ಎಂದರು ಅಕ್ಕ. ನಗುತ್ತಿದ್ದರೋ ಇಲ್ಲವೋ ಹೇಳುವುದು ಕಷ್ಟವಿತ್ತು. "ಸರೀರಿ ಆಕಡೆ, ಹನ್ನೆರಡಕ್ಕ ಊಟದ ಗಂಟಿ ಹೊಡೀತದ."

ಗಾಡಿ ಭಾರಕ್ಕೆ ಹಿಂದೆ ತುಸು ತಗ್ಗಿ, ಮುಂದಿನ ಎರಡೂ ಚಕ್ರ ನೆಟ್ಟಗೆ ಊರಿಕೊಂಡು ಕಾರ್ಖಾನೆಯ ರಸ್ತೆಗೆ ತಿರುಗಿತು.